ನಿನ್ನ ಅಳತೆ ನೀನೇ ತಗೋ, ತಂಗಿ

ತಂಗೀ, ಮೊನ್ನೆ ಮೊಬೈಲು ಮುಂದೆ ಹಿಡಿದು ಸಾಲುಸಾಲಾಗಿ ಕುಬಸದ ಚಿತ್ರ ತೋರಿಸಿ, "ದೊಡ್ಡವ್ವ, ನನಗ ಇಂಥಾದ್ದ ಹೊಲದ ಕೊಡು" ಅಂದೆಯಲ್ಲ, ಆಗ ನಿನ್ನ ಗೆಳತಿಯರು ಜೊತೆಗಿದ್ದರು. ಅದಕ್ಕೇ ಸುಮ್ಮನಾದೆ. ನಾಲ್ಕು ಮಂದಿಯ ಮುಂದೆ ಆಡುವ ಮಾತಲ್ಲ ಅದು. ಈಗ ನಾವಿಬ್ಬರೇ ಇದ್ದೇವೆ, ಕೇಳು.

ಆ ಚಿತ್ರದಲ್ಲಿರುವವಳು ಚೆಲುವೆ, ಅನುಮಾನವಿಲ್ಲ. ಕುಬಸವೂ ಚೆಂದ. ಆದರೆ ನಾನು ಹೊಲಿಗೆಯವಳು, ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಬೆನ್ನ ಹಿಂದೆ ಬಟ್ಟೆ ಚಿವುಟಿ ಪಿನ್ನು ಹಾಕಿದ್ದಾರೆ. ಪಕ್ಕದಿಂದ ತೆಗೆದ ಚಿತ್ರದಲ್ಲಿ ಅದರ ನೆರಿಗೆ ಕಾಣುತ್ತದೆ. ಅವಳು ಕೈ ಎತ್ತಿಲ್ಲ, ಬಗ್ಗಿಲ್ಲ, ಉಸಿರನ್ನೂ ಬಿಗಿ ಹಿಡಿದು ನಿಂತಿದ್ದಾಳೆ. ಫೋಟೋ ಮುಗಿದ ಕೂಡಲೇ ಅವಳು ಮಾಡುವ ಮೊದಲ ಕೆಲಸ ಆ ಹುಕ್ಕು ಬಿಚ್ಚುವುದೇ ಇರಬೇಕು.

ನಿನ್ನ ದಿನ ಹಾಗಿಲ್ಲ. ಬೆಳಿಗ್ಗೆ ಬಬಲೇಶ್ವರದ ಕಡೆಯಿಂದ ಬರುವ ಬಸ್ಸು ನಮ್ಮ ಸಾರವಾಡ ಮುಟ್ಟುವ ಹೊತ್ತಿಗೆ ಕಿಕ್ಕಿರಿದು ತುಂಬಿರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ಟಿಕೀಟಿಗೆ ದುಡ್ಡು ಬೇಡ, ಆದರೆ ನಿಲ್ಲಲು ಜಾಗವಿಲ್ಲ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈ ಮೇಲಿನ ಕಂಬಿಗೆ. ವಿಜಯಪುರ ಬರುವತನಕ ಆ ಕೈ ಇಳಿಯುವ ಹಾಗಿಲ್ಲ. ಕಂಕುಳಲ್ಲಿ ಬಿಗಿಯಾದ ಕುಬಸ ಹಾಕಿಕೊಂಡು ಕೈ ಮೇಲೆತ್ತಿ ನಿಂತು ನೋಡು, ಗೊತ್ತಾಗುತ್ತದೆ. ಕಾಲೇಜಿನಲ್ಲಿ ಇಡೀ ದಿನ ಮೈ ಕುಗ್ಗಿಸಿ, ಭುಜ ಮುದುಡಿ ಕೂರುವ ಹುಡುಗಿಯರಲ್ಲಿ ಅರ್ಧ ಮಂದಿಗೆ ನಾಚಿಕೆ ಕಾರಣವಲ್ಲ, ಅವರ ಬಟ್ಟೆ ಕಾರಣ. ಅದಕ್ಕೇ ನಾನು ಹೊಲಿದು ಕೊಟ್ಟ ಬಟ್ಟೆಯನ್ನು ಕನ್ನಡಿ ಮುಂದೆ ನಿಂತು ನೋಡಲು ಬಿಡುವುದಿಲ್ಲ. ಮೊದಲು ಎರಡೂ ಕೈ ಮೇಲಕ್ಕೆತ್ತು ಅನ್ನುತ್ತೇನೆ. ಆಮೇಲೆ ರೊಟ್ಟಿ ಬಡಿಯಲು ಕೂತ ಹಾಗೆ ಕೆಳಗೆ ಕೂತು ಏಳು ಅನ್ನುತ್ತೇನೆ. ಕನ್ನಡಿ ಆಮೇಲೆ.

ಹೊಸ ಬಟ್ಟೆ ತಂದವರು ಜೊತೆಗೆ ಒಂದು ಹಳೆ ಕುಬಸ ತಂದು, "ಇದರ ಅಳತಿಗೇ ಹೊಲಿರಿ" ಅನ್ನುತ್ತಾರೆ. ಮದುವೆಗೆ ಮುಂಚಿನ ಕುಬಸ ಅದು! ಮೈ ಬದಲಾಗಿದೆ, ಒಪ್ಪಿಕೊಳ್ಳಲು ಮನಸ್ಸಿಲ್ಲ. ಟೇಪು ಸುತ್ತಿದರೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ನನ್ನನ್ನು ಏಮಾರಿಸಬಹುದು ತಂಗಿ, ಬಟ್ಟೆಯನ್ನು ಏಮಾರಿಸಲು ಬರುವುದಿಲ್ಲ; ವಾರದೊಳಗೆ ಪಕ್ಕದ ಹೊಲಿಗೆ ಬಿಡುತ್ತದೆ. ಅದಕ್ಕೇ ನಮ್ಮಂಥವರು ಪಕ್ಕದ ಹೊಲಿಗೆಯ ಒಳಗೆ ಇಂಚು, ಒಂದೂವರೆ ಇಂಚು ಬಟ್ಟೆ ಮಡಿಚಿ ಬಿಡುವುದು. ನಿನ್ನವ್ವನ ಟ್ರಂಕಿನಲ್ಲಿರುವ ಗುಳೇದಗುಡ್ಡ ಖಣದ ಕುಬಸ ತೆಗೆದು ತಿರುಗಾಮುರುಗಾ ಮಾಡಿ ನೋಡು. ಒಳಗೆ ಒಂದರ ಪಕ್ಕ ಒಂದು ಮೂರು ಸಾಲು ಹೊಲಿಗೆಯ ಗುರುತು ಇದೆ. ಒಂದು ಮದುವೆಯ ಹೊತ್ತಿನದು, ಒಂದು ನೀನು ಹುಟ್ಟಿದ ಮೇಲಿನದು, ಇನ್ನೊಂದು ನಿನ್ನ ತಮ್ಮ ಹುಟ್ಟಿದ ಮೇಲಿನದು. ಹೊರಗಿನ ತೇರಿನ ಚಿತ್ತಾರ ಮಾಸಿದೆ, ಒಳಗೆ ಮಡಿಚಿಟ್ಟ ಬಟ್ಟೆಯ ಬಣ್ಣ ಮಾತ್ರ ಹೊಸದರ ಹಾಗೇ ಇದೆ. ಈಗಿನ ರೆಡಿಮೇಡು ಬಟ್ಟೆಗಳಲ್ಲಿ ಆ ಮಡಿಕೆಯೇ ಇಲ್ಲ. ಬಟ್ಟೆ ಉಳಿಸಲು ಅಂಚಿಗೇ ಹೊಲಿದುಬಿಡುತ್ತಾರೆ. ಮೈ ಒಂದಿಷ್ಟು ಹೆಚ್ಚಿತೋ, ಬಟ್ಟೆ ಹೋಯಿತು. ಆಗ ಹುಡುಗಿಗೆ ಅನಿಸುವುದು ಏನು? ಬಟ್ಟೆ ಸರಿಯಿಲ್ಲ ಅಂತ ಅಲ್ಲ, ನಾನೇ ಸರಿಯಿಲ್ಲ ಅಂತ.

ಟೇಪಿನ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ. ತೂಕದ ಯಂತ್ರ ಎಲ್ಲರ ಮನೆಯಲ್ಲಿ ಇರುವುದಿಲ್ಲ, ಟೇಪು ಇರುತ್ತದೆ. ಎಲ್ಲಕ್ಕಿಂತ ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಟ್ಟನಡುವೆ, ಹೆಚ್ಚುಕಡಿಮೆ ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತು. ಉಸಿರು ಬಿಟ್ಟ ಮೇಲೆ ಓದು. ನಮ್ಮ ದೇಶದ ಹೆಣ್ಣುಮಕ್ಕಳಿಗೆ ವೈದ್ಯರು ಹಾಕಿರುವ ಗೆರೆ 80 ಸೆಂಟಿಮೀಟರು, ನಮ್ಮ ಲೆಕ್ಕದಲ್ಲಿ 31.5 ಇಂಚು. ಅದನ್ನು ದಾಟಿದರೆ ಸಕ್ಕರೆ ಕಾಯಿಲೆ, ಬಿಪಿಯ ಭಯ ಹೆಚ್ಚು. ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಬಂದವರು ನಮ್ಮಲ್ಲಿ ಬಹಳ; ನೋಡಲು ತೆಳ್ಳಗೆ ಕಾಣುತ್ತಾರೆ, ಟೇಪು ಬೇರೆ ಹೇಳುತ್ತದೆ. ನಿನ್ನವ್ವನಿಗೂ ನನಗೂ ಆ ಗೆರೆಯ ಚಿಂತೆ ಇದೆ. ನಿನಗಿಲ್ಲ. ನಿನ್ನ ನಡುವಿನ ಅಳತೆ ನನ್ನ ವಹಿಯಲ್ಲಿ ಬರೆದಿದೆ, ನೀನು ಕಡಿಮೆ ಮಾಡಬೇಕಾದ್ದು ಏನೂ ಇಲ್ಲ.

ಆದರೂ ರಾತ್ರಿ ರೊಟ್ಟಿ ಬಿಟ್ಟು ಓಟ್ಸು ತಿನ್ನುತ್ತೀಯಂತೆ. ಬೆಳಿಗ್ಗೆ ಬರೀ ಗ್ರೀನ್ ಟೀ ಅಂತೆ. ನಿನ್ನವ್ವ ಹೇಳುವಾಗ ಅಳು ಮುಖ ಮಾಡಿದ್ದಳು.

ನಾನು ಬೈಯುವುದಿಲ್ಲ. ಓಟ್ಸು ಕೆಟ್ಟದ್ದು ಅಂತಲೂ ಹೇಳುವುದಿಲ್ಲ, ಅದೂ ಒಂದು ಕಾಳೇ. ಆದರೆ ಡೋಣಿ ಹೊಳೆಯ ದಂಡೆಯಲ್ಲಿ ಹುಟ್ಟಿದವಳು ಡಬ್ಬಿಯ ಓಟ್ಸಿಗಾಗಿ ಬಿಳಿ ಜೋಳವನ್ನು ಬಿಡುವುದೆಂದರೆ ನನಗೆ ನಗು ಬರುತ್ತದೆ. 'ಡೋಣಿ ಬೆಳೆದರೆ ಓಣೆಲ್ಲ ಕಾಳು' ಅಂತ ಹಿರಿಯರು ಹಾಡಿ ಹೊಗಳಿದ ಕರಿ ಮಣ್ಣು ಇದು. ನೂರು ಗ್ರಾಂ ಜೋಳದಲ್ಲಿ ಹತ್ತತ್ತಿರ 10 ಗ್ರಾಂ ಪ್ರೋಟೀನು, ಅಷ್ಟೇ ನಾರು. ಬಡಿದು ಸುಡುವ ರೊಟ್ಟಿಗೆ ಒಂದು ಹನಿ ಎಣ್ಣೆ ಬೇಡ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷ ಅಂತ ಸಾರಿದಾಗ ಆ ಪಟ್ಟಿಯಲ್ಲಿ ಜೋಳ, ಸಜ್ಜೆ ಎರಡೂ ಇದ್ದವು. ಪೇಟೆಯ ಅಂಗಡಿಗಳು ಜೋಳದ ರೊಟ್ಟಿಯನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮಾರುತ್ತಿರುವಾಗ ನೀನು ಮನೆಯ ಬಿಸಿರೊಟ್ಟಿ ಬಿಡುವುದೇ?

ಬರೀ ರೊಟ್ಟಿ ತಿಂದರೆ ಸಾಕು ಅಂತ ಹೇಳುವ ಹಿರಿಯರ ಮಾತನ್ನೂ ಕೇಳಬೇಡ. ನಾಲ್ಕು ರೊಟ್ಟಿ, ಒಂದು ಚಮಚ ಖಾರ, ಮೇಲೆ ಸಕ್ಕರೆ ಸುರಿದ ಚಹಾ: ಇದು ಊಟವಲ್ಲ. ಈ ಊರಿನ ಹೆಣ್ಣುಮಕ್ಕಳು ಎಷ್ಟೋ ಮಂದಿ ಉಣ್ಣುವುದು ಇದನ್ನೇ. ಗಂಡಸರು, ಮಕ್ಕಳು ಉಂಡೆದ್ದ ಮೇಲೆ ಪಲ್ಯದ ಬೋಗುಣಿಯಲ್ಲಿ ಏನು ಉಳಿಯುತ್ತದೆ ಹೇಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ಬಂದಿದೆ. ಇಬ್ಬರಲ್ಲಿ ಹೆಚ್ಚುಕಡಿಮೆ ಒಬ್ಬಳು. ಆ ಸಂಖ್ಯೆ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಅಳತೆ ತೆಗೆಯುವಾಗ ಮುಖ ಹತ್ತಿರದಿಂದ ಕಾಣುತ್ತದೆ. ಕಣ್ಣಿನ ಕೆಳರೆಪ್ಪೆಯ ಒಳಗೆ ಬಿಳಿಚಿಕೊಂಡಿರುತ್ತದೆ, ಮೂರು ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಣಿಗೆ ತುಂಬ ಕೂದಲು. ಕದ್ದು ಬಳಪ ತಿನ್ನುವ ಹುಡುಗಿಯರು ಈಗಲೂ ಇದ್ದಾರೆ. ಅದು ಚಟವಲ್ಲ, ಎಷ್ಟೋ ಸಲ ಮೈಯಲ್ಲಿ ಕಬ್ಬಿಣ ಇಲ್ಲದ್ದರ ಗುರುತು. ಆಸ್ಪತ್ರೆಗೆ ಹೋಗಿ ಹಿಮೋಗ್ಲೋಬಿನ್ ನೋಡಿಸು. ಬಸಿರಿಲ್ಲದ ಹೆಣ್ಣಿಗೆ 12 ಇರಬೇಕು, ಕಡಿಮೆಯಿದ್ದರೆ ವೈದ್ಯರು ಹೇಳಿದಷ್ಟು ದಿನ ಗುಳಿಗೆ ನುಂಗು. ಮಲ ಕಪ್ಪಾಗುತ್ತದೆ ಅಂತ ಹೆದರಿ ಬಿಡುವವರಿದ್ದಾರೆ, ಅದರಿಂದ ಏನೂ ಆಗುವುದಿಲ್ಲ.

ಉಣ್ಣುವುದರಲ್ಲೂ ಒಂದು ಜಾಣತನ ಬೇಕು. ಕಾಳು, ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತುವುದು ನಿಧಾನ. ಹುಳಿ ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ, ಚಹಾ ಜೊತೆಗಿದ್ದರೆ ಹತ್ತುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಊಟಕ್ಕೂ ಚಹಾಕ್ಕೂ ತಾಸು ಹೊತ್ತು ಅಂತರವಿರಲಿ, ನಿನ್ನ ಗ್ರೀನ್ ಟೀಗೂ ಇದೇ ಕಟ್ಟಳೆ. ಲಿಂಬೆಹಣ್ಣಿಗೆ ನಾವು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಇಂಡಿಯ ಲಿಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ಸಿಕ್ಕಿದೆ. ಮಡಕಿ ಕಾಳಿನ ಮೊಳಕೆ ಪಲ್ಯವನ್ನು ಒಲೆಯಿಂದ ಇಳಿಸಿದ ಮೇಲೆ ಅರ್ಧ ಹೋಳು ಹಿಂಡು. ಕುದಿಯುವಾಗ ಹಿಂಡಿದರೆ ಅದರ ಸತ್ವ ಹೋಗುತ್ತದೆ. ಹಕ್ಕರಿಕಿ, ಹಸಿ ಮೆಂತೆ, ಉಳ್ಳಾಗಡ್ಡಿ ತಪ್ಪಲು ರೊಟ್ಟಿಯ ಮಗ್ಗುಲಿಗೆ ಇರಲಿ. ಪೇಟೆಯವರು ಸಲಾಡ್ ಅಂತ ದುಡ್ಡು ಕೊಟ್ಟು ತಿನ್ನುವುದು ಇದಕ್ಕಿಂತ ಬೇರೆಯಲ್ಲ. ಗುರೆಳ್ಳು ಹಿಂಡಿ, ಅಗಸಿ ಹಿಂಡಿ ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಒಯ್ಯಿ. ಮೀನು ತಿನ್ನದ ನಮ್ಮಂಥವರಿಗೆ ಒಮೆಗಾ-3 ಎಣ್ಣೆಯಂಶ ಅಗಸಿಯಲ್ಲಿ ಸಿಗುತ್ತದೆ. ಮತ್ತೆ, ತಟ್ಟೆ ಹಾಕಿಕೊಂಡು ಮನೆಯವರ ಜೊತೆಗೇ ಕೂತು ಉಣ್ಣು. ನಿನ್ನವ್ವನನ್ನೂ ಕೈ ಹಿಡಿದು ಕೂರಿಸು. ಎಷ್ಟೋ ಮನೆಗಳಲ್ಲಿ ಈ ಒಂದು ಕೆಲಸ ಗುಳಿಗೆಗಿಂತ ಕಷ್ಟ.

ಈಗ ಬಟ್ಟೆಗೆ ಬರೋಣ. ಮಾದರಿ ಹುಡುಕಬೇಡ ಅಂತ ನಾನು ಅನ್ನುವುದಿಲ್ಲ, ಹುಡುಕು. ಆದರೆ ನಿನ್ನ ಬಿಸಿಲು, ನಿನ್ನ ಮೈಬಣ್ಣ, ನಿನ್ನ ಕೆಲಸ ಗೊತ್ತಿದ್ದವರ ಹತ್ತಿರ ಮೊದಲು ಹುಡುಕು. ಎಳ್ಳ ಅಮವಾಸ್ಯೆಗೆ ಚರಗ ಚೆಲ್ಲಲು ಬುಟ್ಟಿ ಹೊತ್ತು ಹೊಲಕ್ಕೆ ಹೋಗುವ ಹೆಣ್ಣುಮಕ್ಕಳನ್ನು ದೂರದಿಂದ ನೋಡಿದ್ದೀಯಾ? ಕೆಳಗೆ ಕಾಡಿಗೆಯಂಥ ಮಣ್ಣು, ಎದೆಯುದ್ದದ ಜೋಳ, ನಡುವೆ ಕೆಂಪು ಸೆರಗು. ಇಳಕಲ್ಲಿನ ನೇಕಾರರು ದಾಳಿಂಬೆ ಕೆಂಪು, ನವಿಲುಗೊರಳಿನ ಹಸಿರು-ನೀಲಿ, ಚಂದ್ರಕಾಳಿಯ ಕಪ್ಪು ಆರಿಸಿಕೊಂಡದ್ದು ಬಿಸಿಲಿಗೆ ಕಂದಿದ ಮೈಗಾಗಿಯೇ ಇರಬೇಕು. ಆ ಬಣ್ಣಗಳು ನಮ್ಮ ಮೇಲೆ ಎದ್ದು ಕಾಣುವಷ್ಟು ಬೆಳ್ಳನೆಯವರ ಮೇಲೆ ಕಾಣುವುದಿಲ್ಲ, ಇದು ನನ್ನ ಪಕ್ಕಾ ಅಭಿಪ್ರಾಯ. ನೀನು ಆ ಚಿತ್ರ ನೋಡಿ ಬೂದುಬಣ್ಣದ, ಸೋಸಿದ ಹಾಲಿನ ಬಣ್ಣದ ಬಟ್ಟೆ ತಂದೆ, ಆಮೇಲೆ "ನನಗ ಒಪ್ಪಂಗಿಲ್ಲ" ಅಂತ ಕ್ರೀಮು ಹಚ್ಚಲು ಶುರು ಮಾಡಿದೆ. ತಂಗೀ, ಔಷಧಿ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಕೊಡುವ ಆ ಸಣ್ಣ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಹೊಸತರಲ್ಲಿ ಮುಖ ತಿಳಿಯಾಗುತ್ತದೆ. ಬಿಟ್ಟರೆ ಕೆಂಪಾಗಿ ಉರಿಯುತ್ತದೆ, ಮೊಡವೆ ಏಳುತ್ತವೆ, ಚರ್ಮ ತೆಳ್ಳಗಾಗಿ ನರ ಕಾಣುತ್ತದೆ. ಚರ್ಮದ ವೈದ್ಯರು ಬರೆದುಕೊಡದೆ ಅಂಥದ್ದನ್ನು ಮುಟ್ಟಬೇಡ. ಬಟ್ಟೆ ಬದಲಿಸು, ಮುಖ ಬದಲಿಸಬೇಡ.

ಇಳಕಲ್ ಸೀರೆ ತಗೊಳ್ಳುವುದಾದರೆ ನೋಡಿ ತಗೋ. ಈಗ ಪವರ್‌ಲೂಮಿನ ಪಾಲಿಸ್ಟರು ಸೀರೆಗೂ ಅದೇ ಹೆಸರು ಹೇಳಿ ಮಾರುತ್ತಾರೆ. ಅಂಗಡಿಯವನು ಮಡಿಕೆ ಬಿಚ್ಚಿದ ಕೂಡಲೇ ಎಲ್ಲರೂ ಸೆರಗು ನೋಡುತ್ತಾರೆ. ನೀನು ಸೆರಗು ಮತ್ತು ಒಡಲು ಕೂಡುವ ಜಾಗ ನೋಡು, ಅದೂ ಹಿಂಬದಿಯಿಂದ. ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ರೇಷ್ಮೆಯ ಹಾಸು. ಎರಡೂ ಬೇರೆ ಬೇರೆ. ಮಗ್ಗಕ್ಕೆ ಹೂಡುವಾಗ ಒಡಲಿನ ಒಂದೊಂದು ಎಳೆಗೂ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ಬೆರಳ ತುದಿಯಿಂದ ಸವರಿದರೆ ಸಣ್ಣ ಏಣು ತಾಗುತ್ತದೆ, ಬೆಳಕಿಗೆ ಹಿಡಿದರೆ ಕುಣಿಕೆ ಕುಣಿಕೆಯಾಗಿ ಕಾಣುತ್ತದೆ. ಅದಿದ್ದರೆ ಕೈಮಗ್ಗದ್ದು. ತೋಪು ತೆನಿ ಅನ್ನುವ ಆ ಸೆರಗಿನ ಕೆಂಪು-ಬಿಳಿ ಸಾಲಿನಲ್ಲಿ ನೇಯ್ದಿರುವುದು ಜೋಳದ ತೆನೆ. ಉಣ್ಣುವುದನ್ನೇ ಉಟ್ಟವರು ನಮ್ಮ ಹೆಣ್ಣುಮಕ್ಕಳು. ಒಡಲು ಹತ್ತಿಯದಾದ್ದರಿಂದ ಬೆವರು ಹೀರುತ್ತದೆ. ತಲೆ ಮೇಲೆ ಹೊದ್ದ ಸೆರಗು ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿಗೆ ಅಡ್ಡ. ಬೇಸಗೆಯಲ್ಲಿ ಮೈಗೆ ಅಂಟುವ ಸಿಂಥೆಟಿಕ್ ಲೆಗ್ಗಿಂಗು ಹಾಕಿ ತೊಡೆಸಂದಿಯಲ್ಲಿ ಗಜಕರ್ಣ ತರಿಸಿಕೊಂಡು, ಹೇಳಲು ನಾಚಿ ನರಳುವ ಹುಡುಗಿಯರು ಎಷ್ಟು ಬೇಕು ನಿನಗೆ? ಸಡಿಲ ಕಾಟನ್ ಪ್ಯಾಂಟು ಹೊಲಿಸಿಕೊಂಡರೆ ಆ ಔಷಧಿಯ ದುಡ್ಡು ಉಳಿಯುತ್ತದೆ.

ಹಾಗಂತ ಹಳೆಯದೆಲ್ಲ ಒಳ್ಳೆಯದು ಅಂತ ತಿಳಿಯಬೇಡ. ಸೀರೆ ಜಾರದಿರಲಿ ಅಂತ ಪೆಟಿಕೋಟಿನ ಲಾಡಿಯನ್ನು ಜಗ್ಗಿ ಬಿಗಿದು ಕಟ್ಟುವುದು ನಮ್ಮ ರೂಢಿ. ನಡುವಿನ ಸುತ್ತ ಕರಿ ಗೆರೆ ಮೂಡಿ, ಚರ್ಮ ಒರಟಾಗಿ, ಕೆಲವರಿಗೆ ಹುಣ್ಣೂ ಆಗುತ್ತದೆ. 2024ರಲ್ಲಿ ವಾರ್ಧಾ ಮತ್ತು ಬಿಹಾರದ ಮಧುಬನಿಯ ವೈದ್ಯರು ಇಂಥ ಇಬ್ಬರು ಹಿರಿಯ ಹೆಂಗಸರ ವಿಷಯವನ್ನು ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ವರ್ಷಾನುಗಟ್ಟಲೆ ಒಂದೇ ಜಾಗದಲ್ಲಿ ಬಿಗಿದು, ವಾಸಿಯಾಗದೆ ಉಳಿದ ಹುಣ್ಣು ಕಡೆಗೆ ಕ್ಯಾನ್ಸರಿಗೆ ತಿರುಗಿತ್ತು. ಅಪರೂಪ, ಹೆದರಬೇಕಿಲ್ಲ. ಆದರೆ ಕಾರಣ ಕೇಳಿದರೆ ಹೆಂಗಸಾದವಳಿಗೆ ಸಿಟ್ಟು ಬರುತ್ತದೆ: ಒಂದು ಬಿಗಿ ಕಟ್ಟು! ನಾನು ಈಗ ಪೆಟಿಕೋಟಿಗೆ ಎರಡು ಇಂಚು ಅಗಲದ ಪಟ್ಟಿ ಹಾಕಿ ಮುಂದೆ ಹುಕ್ಕು ಇಡುತ್ತೇನೆ. ಲಾಡಿಯೇ ಬೇಕೆಂದರೆ ದಿನಕ್ಕೊಂದು ಜಾಗಕ್ಕೆ ಸರಿಸಿ ಕಟ್ಟು, ಮನೆಗೆ ಬಂದ ಕೂಡಲೇ ಸಡಿಲಿಸು. ನಿನ್ನಜ್ಜಿಯ ನಡುವಿನ ಸುತ್ತ ಒಮ್ಮೆ ನೋಡು. ಹದಿನೆಂಟು ಮೊಳದ ಸೀರೆ ಉಟ್ಟವರು ಅವರು, ಗಾಯವಿದ್ದರೂ ತಾವಾಗಿ ಹೇಳುವುದಿಲ್ಲ.

ಕಾಲಿನದೂ ಅದೇ ಕತೆ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಕ ಬಂದಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರವೂ ಸೇರಿದವು. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅಂಥದ್ದೇ ಚಪ್ಪಲಿ ಮೆರೆಸಿತು, ಎಲ್ಲಿಯದು ಅಂತ ಹೇಳಲಿಲ್ಲ; ಗದ್ದಲವಾದ ಮೇಲೆ ಭಾರತದ ಕೈಕಸುಬಿನಿಂದ ಬಂದದ್ದು ಅಂತ ಒಪ್ಪಿಕೊಂಡಿತು. ಅವರು ನಮ್ಮನ್ನು ನೋಡಿ ಹೊಲಿಯುತ್ತಾರೆ, ನೀನು ಅವರನ್ನು ನೋಡಿ ಹೊಲಿಸಲು ಬರುತ್ತೀ. ಇರಲಿ. ಹಬ್ಬಕ್ಕೆ, ಮದುವೆಗೆ ಆ ಚಪ್ಪಲಿ ಹಾಕು, ಚೆಂದ. ಆದರೆ ಬೆಳಿಗ್ಗೆ ರಸ್ತೆಗುಂಟ ವಾಕಿಂಗ್ ಹೋಗುವಾಗ ಅದು ಬೇಡ. ಅಟ್ಟೆ ಚಪ್ಪಟೆ, ಹಿಮ್ಮಡಿ ನೋಯುತ್ತದೆ. ಒಂದು ಜೋಡಿ ಬೂಟು ತಗೋ. ಸೀರೆ ಮೇಲೆ ಬೂಟು ಹಾಕಿ ಬಿರಬಿರನೆ ನಡೆಯುವ ಹೆಂಗಸರನ್ನು ನೋಡಿ ಕಟ್ಟೆ ಮೇಲೆ ಕೂತವರು ನಗುತ್ತಾರೆ. ನಗಲಿ, ಅವರ ನಡುವಿನ ಅಳತೆಯೂ ನನಗೆ ಕಣ್ಣಳತೆಯಲ್ಲೇ ಗೊತ್ತು.

ನೋಡಿ ಕಲಿಯಲು ಒಬ್ಬಳು ಬೇಕೇ ಬೇಕು ಅಂದರೆ ರಾಜೇಶ್ವರಿ ಗಾಯಕವಾಡಳನ್ನು ನೋಡು. ನಮ್ಮ ವಿಜಯಪುರದ ಹುಡುಗಿ, ಎಡಗೈ ಸ್ಪಿನ್ನರ್. 2017ರ ಜುಲೈ 15, ಇಂಗ್ಲೆಂಡಿನ ಡರ್ಬಿ, ವಿಶ್ವಕಪ್ಪು. ಗೆದ್ದರೆ ಸೆಮಿಫೈನಲ್, ಸೋತರೆ ಮನೆ. 15 ರನ್ ಕೊಟ್ಟು 5 ವಿಕೆಟ್ ತೆಗೆದಳು. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಅವತ್ತು ಆಕೆ ತೊಟ್ಟಿದ್ದು ಕೈ ಪೂರಾ ತಿರುಗಿಸಲು ಬರುವ ಜೆರ್ಸಿ, ಓಡಲು ಬರುವ ಪ್ಯಾಂಟು. ಆ ಬಟ್ಟೆಯಲ್ಲಿ ಆಕೆ ಎಷ್ಟು ತೆಳ್ಳಗೆ ಕಂಡಳು ಅಂತ ಯಾರೂ ಕೇಳಲಿಲ್ಲ. ಆಟ ಆಡು ಅಂತ ನಾನು ಹೇಳುತ್ತಿಲ್ಲ, ನಿನಗೆ ಆಸೆಯಿದ್ದರೆ ಆಡು. ಮೈಯಿಂದ ಏನು ಮಾಡಿಸಬೇಕು ಅಂತ ಮೊದಲು ಗೊತ್ತಾದರೆ ಅದಕ್ಕೆ ಯಾವ ಬಟ್ಟೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಕಡೆಗೆ ಜೇಬಿನ ಮಾತು. ನಮ್ಮ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಜೇಬಿಲ್ಲದ ಅಂಗಿ ತೊಡುತ್ತಿದ್ದರು, ಎಲ್ಲರಿಗೂ ಗೊತ್ತು. ಅವರಿಗೆ ಇಟ್ಟುಕೊಳ್ಳಲು ಏನೂ ಬೇಡವಾಗಿತ್ತು. ನಿನಗೆ ಬಸ್ಸಿಗೆ ಆಧಾರ್ ಕಾರ್ಡು ಬೇಕು, ಮೊಬೈಲು ಬೇಕು, ನಾಲ್ಕು ದುಡ್ಡು ಬೇಕು. ನೀನು ಯಾವ ಸನ್ಯಾಸಕ್ಕೆ ಜೇಬು ಬಿಟ್ಟೆ? ಅಜ್ಜಿಯರಿಗೆ ಸೊಂಟದಲ್ಲಿ ಎಲೆ-ಅಡಿಕೆಯ ಸಂಚಿಯಾದರೂ ಇತ್ತು. ಈಗಿನ ಚೂಡಿದಾರಕ್ಕೆ ಅದೂ ಇಲ್ಲ, ಮೊಬೈಲು ಕೈಯಲ್ಲೇ, ಕಂಬಿ ಹಿಡಿಯಲು ಒಂದೇ ಕೈ. ಆ ಚಿತ್ರದ ಕುಬಸವನ್ನೂ ಹೊಲಿದು ಕೊಡುತ್ತೇನೆ, ಕಂಕುಳ ಅರ್ಧ ಇಂಚು ಸಡಿಲ ಮಾಡಿ, ಪಕ್ಕಕ್ಕೆ ಬಟ್ಟೆ ಬಿಟ್ಟು. ಜೊತೆಗೆ ಒಂದು ಕಾಟನ್ ಚೂಡಿದಾರದ ಬಟ್ಟೆ ತಾ. ಬಲಮಗ್ಗುಲಿನ ಹೊಲಿಗೆಯಲ್ಲಿ, ಕೈ ಇಳಿಬಿಟ್ಟರೆ ಮಣಿಕಟ್ಟು ತಾಗುವ ಮಟ್ಟಕ್ಕೆ ಜೇಬಿನ ಬಾಯಿ. ಚೀಲಕ್ಕೆ ಗಟ್ಟಿ ಬಟ್ಟೆ, ನಿನ್ನ ಮೊಬೈಲಿಗಿಂತ ಎರಡು ಬೆರಳು ಆಳ, ಇಲ್ಲವಾದರೆ ಕೂತಾಗ ಜಾರಿ ಬೀಳುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ದೇವರ ಜಾತ್ರೆಗೆ ಹಾಕಿಕೊಳ್ಳಬೇಕು ಅಂತಿದ್ದರೆ ಈ ವಾರವೇ ಬಟ್ಟೆ ತಂದು ಕೊಡು, ಹಬ್ಬ ಹತ್ತಿರ ಬಂದರೆ ನನಗೆ ಕೈ ಬಿಡುವಿರುವುದಿಲ್ಲ. ಮತ್ತೆ, ತರುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ತಾ. ಹೊಸ ಹತ್ತಿ ಕುಗ್ಗುತ್ತದೆ.